ಊರು ಬಿಟ್ಟ ದಿನದ ಚಿಲಕ

ಅಥವಾ ಬಾಗಿಲು ತೆರೆದೇ ಇರಲಿಲ್ಲವೇನೋ. ತೆರೆದಿತ್ತು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಮದುವೆ ಮನೆಗಳಲ್ಲಿ ಊಟ ಮುಗಿಸಿ ಅಡಿಕೆ ಹೋಳು ಅಗಿಯುತ್ತ ಕೂತವರಿಗೆ ಹೇಳಿದ್ದೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹಾ ತಡವಾದಾಗ ಹೇಳಿದ್ದೇನೆ. ಒಮ್ಮೆ ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಕಿತ್ತೂರು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಆಕೆಯೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ನಕ್ಕಿದ್ದಾರೆ. ಕೇಳಿದವರು ನಕ್ಕಾಗಲೆಲ್ಲ ನನಗೆ ಆ ದಿನ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಅನುಮಾನ ಬರುತ್ತಿರುವುದೇ ಆ ಸ್ಪಷ್ಟತೆಯ ಮೇಲೆ.

ಕಥೆ ಇಷ್ಟು. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ, ನನಗೆ ಏಳು ವರ್ಷವಿದ್ದಾಗ, ಊರ ಹಿರಿಯರು ಹೊರಬೀಡು ಗೊತ್ತು ಮಾಡಿದರು. ಏಳೋ, ಎಂಟೋ. ಎರಡನೆಯ ಇಯತ್ತೆಯ ಪಾಟಿ, ಅಂದರೆ ಸ್ಲೇಟು, ನನ್ನ ಹತ್ತಿರ ಇತ್ತು, ಹಾಗಾಗಿ ಏಳು ಅಂದುಕೊಳ್ಳೋಣ. ಹೊರಬೀಡು ಅಂದರೆ ಊರಿಗೆ ಊರೇ ಒಂದು ದಿನದ ಮಟ್ಟಿಗೆ ಹೊರಗೆ ಹೋಗುವುದು. ಬೇನೆ ಬಂದಾಗ, ಅಥವಾ ಬರಬಾರದು ಅಂತ, ಕೂಸು ಮುದುಕರು ದನ ಕರು ಕೋಳಿ ನಾಯಿ ಎಲ್ಲವನ್ನೂ ಕರೆದುಕೊಂಡು, ಬೆಳಕು ಹರಿಯುವ ಮೊದಲೇ ಅಗಸಿ, ಅಂದರೆ ಊರ ಹೆಬ್ಬಾಗಿಲು, ದಾಟಿ ಹೊಲ ಸೇರಬೇಕು. ಅಡಿಗೆ ಊಟ ಎಲ್ಲ ಅಲ್ಲೇ. ಊರೊಳಗೆ ಒಲೆ ಆರಿರಬೇಕು. ಮನೆಗಳ ಬಾಗಿಲು ತೆರೆದಿರಬೇಕು, ಯಾಕೆಂದರೆ ಆ ದಿನ ದೇವಿ ಮನೆ ಮನೆ ಹೊಕ್ಕು ಬೇನೆಯನ್ನು ಗುಡಿಸಿಕೊಂಡು ಹೋಗುತ್ತಾಳೆ. ಚಿಲಕ ಹಾಕಿದ ಮನೆಯ ಬೇನೆ ಒಳಗೇ ಉಳಿಯುತ್ತದೆ. ಎಲ್ಲರೂ ಹೊರಬಿದ್ದ ಮೇಲೆ ಅಗಸಿಗೆ ಅಡ್ಡಲಾಗಿ ಜಾಲಿ ಮುಳ್ಳು ಎಳೆಯುತ್ತಿದ್ದರು. ಹೊತ್ತು ಮುಳುಗುವ ತನಕ ಒಬ್ಬರೂ ಒಳಗೆ ಕಾಲಿಡುವ ಹಾಗಿಲ್ಲ. ಒಬ್ಬರು ಇಟ್ಟರೂ ಊರೆಲ್ಲ ಮಾಡಿದ್ದು ನೀರಿಗೆ ಹೋಯಿತು.

ಎಲ್ಲರೂ ಬಂದರೇ ಎಂದು ನೋಡುವ ಕ್ರಮವೂ ಇತ್ತು, ಆದರೆ ತಲೆ ಎಣಿಸುತ್ತಿರಲಿಲ್ಲ. ಮನುಷ್ಯರನ್ನು ಎಣಿಸಿದರೆ ಎಣಿಕೆಯಿಂದ ಒಬ್ಬರು ಕಳಚಿಕೊಳ್ಳುತ್ತಾರೆ ಎಂದು ನಮ್ಮ ಮಂದಿ ಹೆದರುತ್ತಿದ್ದರು. ಅದಕ್ಕೆ ಊರು ಕಾಯುವ ವಾಲೀಕಾರ ಅಗಸಿಯ ಕಟ್ಟೆಯ ಮೇಲೆ ನಿಂತು ಮನೆಗಳ ಹೆಸರು ಕೂಗುತ್ತಿದ್ದ. ಆ ಮನೆಯ ಯಾರಾದರೊಬ್ಬರು "ಬಂತ್ರೀ" ಅಂದರೆ ಮುಗಿಯಿತು, ಮನೆ ಬಂದ ಹಾಗೆ. ನಮ್ಮ ಮನೆಯಲ್ಲಿ ಆಗ ಹದಿನೇಳು ಜನರೋ ಹತ್ತೊಂಬತ್ತು ಜನರೋ ಇದ್ದರು, ಯಾರೂ ಎಣಿಸಿರಲಿಲ್ಲವಲ್ಲ. "ಮ್ಯಾಲಿನ ಮನೀ" ಎಂದು ವಾಲೀಕಾರ ಕೂಗಿದಾಗ ಮೂರು ಬಂಡಿಗಳಿಂದ ಮೂವರು "ಬಂತ್ರೀ" ಅಂದರು. ಬಂದಿತ್ತು ಕೂಡ. ಕಕ್ಕನ ಮಗಳು, ನಾಲ್ಕು ವರ್ಷದ ಕಮಲಾ ಮಾತ್ರ ಬಂದಿರಲಿಲ್ಲ. ಪ್ರತಿ ಬಂಡಿಯವರೂ ಆಕೆ ಇನ್ನೊಂದು ಬಂಡಿಯಲ್ಲಿದ್ದಾಳೆ ಅಂದುಕೊಂಡಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ನಾನು ಹೊಟ್ಟೆಪಾಡಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ.

ಬುತ್ತಿ ಬಿಚ್ಚುವ ಹೊತ್ತಿಗೆ ಗೊತ್ತಾಯಿತು. ಕಾಕು, ಅಂದರೆ ಕಮಲಾಳ ತಾಯಿ, ಎದ್ದು ಊರ ಕಡೆ ಹೊರಟಳು. ಹಿರಿಯರು ತಡೆದರು. "ಬಾಗಿಲಾ ತಗದೈತಿ ಅಲ್ಲವಾ, ಎದ್ದರ ತಾನ ನಡಕೋತ ಬರತಾಳ. ಕುಂದರು," ಅಂದರು. ಕಾಕು ಕೂತಳು. ಹೊತ್ತು ಮುಳುಗಿ ಮುಳ್ಳು ಸರಿಸಿದ ಕೂಡಲೇ ಎಲ್ಲರಿಗಿಂತ ಮುಂದೆ ಓಡಿದವಳು ನಾನು. ನೋಡಿದರೆ ಕಮಲಾ ಜೋಳದ ಚೀಲಗಳ ಮೇಲೆ ಮಲಗಿದ್ದಳು, ಗಲ್ಲದ ಮೇಲೆ ಚೀಲದ ನೇಯ್ಗೆಯ ಗೆರೆ ಮೂಡಿತ್ತು. ಊರೇ ಊರು ಬಿಟ್ಟರೂ ಈಕೆ ನಿದ್ದೆ ಬಿಡಲಿಲ್ಲ. ಇಲ್ಲಿ ಜನ ನಗುತ್ತಾರೆ. ನಾನು ಗಲ್ಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತೇನೆ, ಇನ್ನೊಂದಿಷ್ಟು ನಗುತ್ತಾರೆ. ಕಾಕುವೂ ನಗುತ್ತಿದ್ದಳು, ಬದುಕಿರುವ ತನಕ, ಸೆರಗು ಬಾಯಿಗೆ ಒತ್ತಿಕೊಂಡು.

ಕಮಲಾ ಈಗ ಖಾನಾಪುರದಲ್ಲಿ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಅವರ ಮನೆಯ ಒಂದು ವಿಚಿತ್ರ ಹೇಳಬೇಕು. ಬಚ್ಚಲಿಗೆ ಚಿಲಕವಿಲ್ಲ. ಯಾವ ಒಳಬಾಗಿಲಿಗೂ ಇಲ್ಲ. ಬಚ್ಚಲಲ್ಲಿ ಯಾರಾದರೂ ಇದ್ದರೆ ಬಾಗಿಲ ಮೇಲೆ ಟವೆಲ್ ಹಾಕಿರಬೇಕು; ಟವೆಲ್ ಮರೆತ ನೆಂಟರು ಒಳಗಿನಿಂದ ಕೆಮ್ಮುತ್ತಿರಬೇಕು. ಆ ಮನೆಗೆ ಹೋಗಿಬಂದವರೆಲ್ಲ ಈ ಕೆಮ್ಮಿನ ಬಗ್ಗೆ ಏನಾದರೂ ಹೇಳಿ ನಗುತ್ತಾರೆ. ನಾನೂ ನಕ್ಕಿದ್ದೇನೆ. ನನ್ನ ತಮಾಷೆಯ ಭಂಡಾರದಲ್ಲಿ ಈ ಎರಡೂ, ಹೊರಬೀಡಿನ ನಿದ್ದೆ ಮತ್ತು ಬಚ್ಚಲಿನ ಕೆಮ್ಮು, ಒಂದರ ಪಕ್ಕ ಒಂದು ಇದ್ದವು. ಎರಡಕ್ಕೂ ಸಂಬಂಧವಿರಬಹುದು ಎಂದು ನನಗೆ ಯಾವತ್ತೂ ಹೊಳೆಯಲಿಲ್ಲ. ಎರಡು ವಿಷಯಗಳ ನಡುವಿನ ಸಂಬಂಧ ಕಂಡುಹಿಡಿಯುವುದು ಹೇಗೆಂದು ನಾನು ವರ್ಷಕ್ಕೆ ಎರಡು ತರಗತಿಗಳಿಗೆ ಪಾಠ ಹೇಳುತ್ತೇನೆ.

ಕಮಲಾಳ ಮಗಳು ವಿದ್ಯಾ ನಾಲ್ಕು ವರ್ಷದಿಂದ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಆಕೆ ಮತ್ತು ಇನ್ನೂ ಮೂವರು ಸೇರಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಖೋಲಿ ಬಾಡಿಗೆಗೆ ಹಿಡಿದು ಕಂಪ್ಯೂಟರ್ ಆಟ ಮಾಡುತ್ತಾರೆ. ಮೊದಲು ಇದು ನನಗೆ ತಿಳಿಯಲಿಲ್ಲ. ಆಟ ಆಡುವವರನ್ನು ಕಂಡಿದ್ದೆ, ಮಾಡುವವರು ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ನಿಂತಿರುತ್ತಾರೆ ಎಂದು ಅಂದುಕೊಂಡಿರಲಿಲ್ಲ. ಅವರ ಆಟದಲ್ಲಿ ಒಂದು ಗುಡ್ಡವಿದೆ, ಅಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಆಡುವವರು ಅಲ್ಲೊಂದು ಊರು ಕಟ್ಟಬೇಕು: ಗೋಡೆ, ಕಣಜ, ಬಾವಿ, ಕುಲುಮೆ. ಜನ ಚಳಿಗೆ, ಹಸಿವಿಗೆ, ಬೇಸರಕ್ಕೆ ಸಾಯದಂತೆ ನೋಡಿಕೊಳ್ಳಬೇಕು. ಅದು ತಕ್ಕಮಟ್ಟಿಗೆ ನಡೆಯಿತು. ಎರಡು ವರ್ಷದ ಮೇಲೆ ಅದಕ್ಕೆ ವಿಸ್ತರಣೆ ಮಾಡುತ್ತೇವೆ ಅಂದಳು.

"ವಿಸ್ತರಣೆ ಅಂದರ?" ಅಂದೆ.

"ಹಳೇ ಮನಿಗೆ ಬಾಜೂಕ ಇನ್ನೊಂದು ಅಂಕಣ ಎಳದಂಗ, ದೊಡ್ಡವ್ವ. ಹಳೇದು ಹಂಗ ಇರತೈತಿ. ಹೊಸಾದರಾಗ ಬೇನಿ ಬರತೈತಿ. ಬೇನಿಗೆ ಔಷಧ ಇಲ್ಲ, ಹೊರಬೀಡು ಒಂದ."

ನನ್ನ ಕಥೆಯನ್ನು ಹಾಗೆಯೇ ಎತ್ತಿಕೊಂಡಿದ್ದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಾನು ಹಿಂದೆ ಒಂದು ಕಥಾಸಂಕಲನ ಪ್ರಕಟಿಸಿದ್ದೆ. ಕಥೆಗಳು ನಡುವಿನಿಂದ ಶುರುವಾಗಿ ಮೊದಲಿಗೆ ಹೋಗಿ ಮುಗಿಯುತ್ತಿದ್ದವು. ಅದರ ಒಂದೇ ಒಂದು ವಿಮರ್ಶೆಯಲ್ಲಿ, ಬೈಂಡಿಂಗ್ ಮಾಡುವಾಗ ಪುಟಗಳು ಅದಲುಬದಲಾದಂತಿವೆ, ಪ್ರಕಾಶಕರು ಗಮನಿಸಬೇಕು ಎಂದು ಬರೆದಿದ್ದರು. ಪುಟಗಳು ಸರಿಯಾಗಿಯೇ ಇದ್ದವು. ಅಂಥ ನನ್ನ ಕಥೆಯೊಂದನ್ನು ಇವತ್ತಿನ ಹುಡುಗಿ ಜಗತ್ತಿಗೆಲ್ಲ ತೋರಿಸುತ್ತೇನೆ ಅಂದರೆ ಬೇಡ ಅನ್ನಲು ನಾನೇನು ಸನ್ಯಾಸಿಯೇ. ಆಕೆಯ ಜೊತೆ ಪಾರಿಶ್ವಾಡಕ್ಕೂ ಹೋದೆ. ಹಳೆಯ ಮನೆಯ ಬಾಗಿಲು ಅದೇ, ಚಿಲಕ ಅದೇ. ಒಳಗೆ ಈಗ ಗೊಬ್ಬರದ ಚೀಲ ಇಡುತ್ತಾರೆ. ವಿದ್ಯಾ ಮೈಕು ಹಿಡಿದು ನನ್ನ ಕೈಯಿಂದ ಆ ಚಿಲಕವನ್ನು ಹಾಕಿಸಿದಳು, ತೆಗೆಸಿದಳು, ಮತ್ತೆ ಹಾಕಿಸಿದಳು. ಹತ್ತು ಸಲವಾದರೂ ಆಗಿರಬೇಕು. ಆಟದಲ್ಲಿ ಇರುಳು ಬಾಗಿಲು ಮುಚ್ಚುವ ಸದ್ದು ಬೇಕಿತ್ತಂತೆ. ಕಬ್ಬಿಣ ತಣ್ಣಗಿತ್ತು. ಈ ತಣ್ಣಗಿನ ಮಾತನ್ನು ನೆನಪಿಡಿ, ನನಗೆ ಆಮೇಲೆ ಬೇಕಾಗುತ್ತದೆ.

ವಿಸ್ತರಣೆ ಬಿಡುಗಡೆಯಾದ ಮೂರನೆಯ ದಿನದಿಂದ ವಿಮರ್ಶೆಗಳು ಬರತೊಡಗಿದವು. ವಿದ್ಯಾ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಿಂದ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ದೊಡ್ಡದೊಂದು ವಿದೇಶಿ ತಾಣದವರು ಹತ್ತಕ್ಕೆ ನಾಲ್ಕು ಕೊಟ್ಟಿದ್ದರು. ಊರು ಖಾಲಿ ಮಾಡುವಾಗ ಜನಸಂಖ್ಯೆಯಲ್ಲಿ ಒಂದು ಕಡಿಮೆ ಬರುತ್ತದೆ, ಇಷ್ಟು ಸಣ್ಣ ದೋಷವನ್ನೂ ಸರಿಪಡಿಸದೆ ಮಾರಾಟಕ್ಕೆ ಬಿಟ್ಟಿದ್ದಾರೆ ಎಂದು ಬರೆದಿದ್ದರು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು.

"ದೋಷ ಅಲ್ಲಲ್ಲ ಅದು. ಮನಿ ಕೂಗತಾರ, ತಲಿ ಎಣಸಂಗಿಲ್ಲ, ಅದಕ್ಕ ಒಂದು ಕಡಿಮಿ," ಅಂದೆ.

"ನನಗ ಗೊತ್ತೈತಿ ದೊಡ್ಡವ್ವ. ಅವರಿಗೆ ಹೆಂಗ ಗೊತ್ತಾಗಬೇಕು?"

ಆಟದಲ್ಲಿ ಹೊರಬೀಡಿನ ಆ ಒಂದು ದಿನ ಇಪ್ಪತ್ತು ನಿಮಿಷ ನಡೆಯುತ್ತದೆ. ಬೇರೆ ದಿನಗಳಲ್ಲಿ ಕಾಲವನ್ನು ಜೋರಾಗಿ ಓಡಿಸುವ ಒಂದು ಗುಂಡಿ ಇದೆ. ಅವತ್ತು ಅದು ಕೆಲಸ ಮಾಡುವುದಿಲ್ಲ. ಅದೂ ಕೆಟ್ಟಿದೆ ಎಂದು ಹಲವರು ಬರೆದರು. ಆಡುವವರು ಬೇಕಾದರೆ ಮುಳ್ಳು ಸರಿಸಿ ಊರೊಳಗೆ ಉಳಿದ ಮಗುವನ್ನು ಕರೆತರಬಹುದು, ಆದರೆ ಬೇನೆ ಊರಲ್ಲೇ ಉಳಿಯುತ್ತದೆ. ಇಲ್ಲವೇ ಸಂಜೆಯವರೆಗೆ ಕಾಯಬಹುದು, ಆಗ ಮಗು ಬದುಕಿರುತ್ತದೆ. ಬದುಕಿದರೂ ಆ ಮಗುವಿನ ಹೆಸರಿನ ಮುಂದೆ, ಇತರರ ಮೇಲೆ ನಂಬಿಕೆ ಎಷ್ಟಿದೆಯೆಂದು ತೋರಿಸಲು ಎಲ್ಲರಿಗೂ ಇರುವ ಬಣ್ಣದ ಪಟ್ಟಿ ಕೊನೆಯವರೆಗೂ ಖಾಲಿಯಿರುತ್ತದೆ. ಅದನ್ನೂ ದೋಷ ಅಂದರು. ಒಬ್ಬರು ಮಾತ್ರ ಇದೆಲ್ಲ ಆಡಳಿತ ಯಂತ್ರದ ಮೇಲಿನ ತೀಕ್ಷ್ಣ ವಿಡಂಬನೆ ಎಂದು ಮೆಚ್ಚಿ ಎರಡು ಪುಟ ಬರೆದಿದ್ದರು. ನಮ್ಮ ವಾಲೀಕಾರನನ್ನು ಆಡಳಿತ ಯಂತ್ರ ಎಂದು ಕಲ್ಪಿಸಿಕೊಂಡು ನಾನು ಬಹಳ ಹೊತ್ತು ನಕ್ಕೆ. ಅದೇ ಆ ವಾರದ ಕೊನೆಯ ನಗು.

ಒಂದು ವಿಷಯದಲ್ಲಿ ಮಾತ್ರ ಬೈದವರೂ ಹೊಗಳಿದವರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಎಲ್ಲರೂ ಹೊಲದಲ್ಲಿ ಸಾಲಾಗಿ ಊಟಕ್ಕೆ ಕೂತಾಗ ಆ ಮಗುವಿನ ತಾಯಿ ಊಟಕ್ಕೆ ಬರುವುದಿಲ್ಲ. ಅಗಸಿಯ ಮುಳ್ಳಿಗೆ ಆತುಕೊಂಡು ಊರ ಕಡೆ ಮುಖ ಮಾಡಿ ಕೂತಿರುತ್ತಾಳೆ, ಇಪ್ಪತ್ತು ನಿಮಿಷವೂ. ಈ ಒಂದು ಚಿತ್ರಕ್ಕಾಗಿ ಉಳಿದದ್ದನ್ನೆಲ್ಲ ಕ್ಷಮಿಸಬಹುದು ಎಂದು ನಾಲ್ಕು ಅಂಕ ಕೊಟ್ಟವರೇ ಬರೆದಿದ್ದರು. ವಿಡಿಯೋ ಮಾಡುವ ಒಬ್ಬಾತ ಮಾತ್ರ ಕೆರಳಿದ್ದ. ಯಾವ ತಾಯಿಯೂ ಹೀಗೆ ಕೂರುವುದಿಲ್ಲ, ಇದನ್ನು ಮಾಡಿದವರಿಗೆ ಮನುಷ್ಯರ ಪರಿಚಯವೇ ಇಲ್ಲ ಅಂದ. ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಕಾಕು ಕೂತಿದ್ದಳು. ನಾನು ನೋಡಿದ್ದೇನೆ. ನೋಡಿದ್ದೇನಲ್ಲ?

ವಿದ್ಯಾಳ ಜೊತೆಗಾರ ಪ್ರಸಾದನಿಗೆ ಗಾಬರಿಯಾಗಿತ್ತು. ಎಣಿಕೆ ಸರಿಮಾಡೋಣ, ಗುಂಡಿ ಬಿಡೋಣ, ಸೋಮವಾರ ತಿದ್ದಿದ ಆಟ ಹೊರಬರಲಿ ಎಂದು ಹಟ ಹಿಡಿದಿದ್ದ. ಶುಕ್ರವಾರ ಸಂಜೆ ವಿದ್ಯಾ ಬಂದು ನನ್ನ ಎದುರು ಕೂತಳು.

"ದೊಡ್ಡವ್ವ, ಒಂದು ಮಾತು ಹೇಳು. ಇದು ಖರೇನ ಹಿಂಗ ಆಗಿತ್ತಲ್ಲ? ನೀ ಖರೇ ಅಂದರ ನಾ ಏನೂ ತಗಿಯಂಗಿಲ್ಲ. ಜಗಳಾಡತೇನಿ."

"ಖರೇ," ಅಂದೆ. ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಆಕೆ ಕೆಲಸಕ್ಕೆ ಹೋದ ಮೇಲೆ ನಾನೇ ನನ್ನ ಮೊಬೈಲಿನಲ್ಲಿ ಆ ವಿಮರ್ಶೆಗಳ ಕೆಳಗೆ ಆಡಿದವರು ಬರೆದದ್ದನ್ನು ಓದುತ್ತ ಹೋದೆ. ಬೈಗುಳ, ನಗುವ ಗೊಂಬೆಗಳು, ಮತ್ತೆ ಬೈಗುಳ. ಎಲ್ಲೋ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಎರಡು ಸಲ ತುಟಿ ಆಡಿಸಿ ಓದಿದೆ. "ಆಟ ಛಲೋ ಐತಿ. ಒಂದ ತಪ್ಪ ಐತಿ. ಬಾಗಿಲಾ ತಗದಿರಲಿಲ್ಲ. ಹೊರಗಿಂದ ಚಿಲಕಾ ಹಾಕಿತ್ತ." ಬರೆದವರ ಹೆಸರಿಲ್ಲ. ಹೆಸರಿನ ಜಾಗದಲ್ಲಿ ಒಂದು ದಾಸವಾಳ ಹೂವು, ಬೆಳಿಗ್ಗೆ ಬೆಳಿಗ್ಗೆ ಶುಭೋದಯ ಎಂದು ಕಳಿಸುತ್ತಾರಲ್ಲ, ಅಂಥದು.

ಒಲೆಯ ಮೇಲೆ ಇಟ್ಟ ಹಾಲು ಉಕ್ಕಿ ಬರ್ನರ್ ಆರಿ ವಾಸನೆ ಬಂದ ಮೇಲೆ ಎದ್ದೆ. ಜಗತ್ತಿನ ಯಾವುದೋ ಮೂಲೆಯವರು ಎಣಿಕೆ ತಪ್ಪಿದೆ ಅಂದಾಗ ಸಿಟ್ಟು ಬಂದಿತ್ತು, ಅಷ್ಟೇ. ಇದು ಹಾಗಲ್ಲ. ಆ ದಿನ ಪಾರಿಶ್ವಾಡದಲ್ಲಿ ಮನೆಯೊಳಗೆ ಇದ್ದವರು ಒಬ್ಬರೇ. ದಾಸವಾಳದ ಚಿತ್ರ ಇಟ್ಟುಕೊಂಡು ನನಗೆ ದಿನಾ ಶುಭೋದಯ ಕಳಿಸುವವಳೂ ಒಬ್ಬಳೇ. ಗುರುತು ಹಿಡಿಯಲು ನನಗೆ ಅರ್ಧ ಗಂಟೆ ಬೇಕಾಯಿತು.

ಖಾನಾಪುರದ ಬಸ್ಸು ಹಿಡಿದೆ. ದಾರಿಯಲ್ಲಿ ಕಥೆಯನ್ನು ಮತ್ತೆ ಮೊದಲಿನಿಂದ ನೆನೆಸಿಕೊಳ್ಳಲು ನೋಡಿದೆ. ಬರುವುದೆಲ್ಲ ಸ್ಟಾಫ್ ರೂಮಿನ ಆವೃತ್ತಿಯೇ. ಅದರ ಅಡಿಯಲ್ಲಿ ಬೇರೆ ಏನಾದರೂ ಇದೆಯೇ ಎಂದು ಕೆದರಿದಾಗ ಒಂದು ಸಂಗತಿ ಸಿಕ್ಕಿತು. ಯಾರಿಗೂ ಹೇಳದ್ದು, ಯಾಕೆಂದರೆ ಅದರಲ್ಲಿ ನಗು ಇರಲಿಲ್ಲ. ಆ ಬೆಳಗಿನ ಜಾವ ಬಂಡಿ ಹತ್ತಿದ ಮೇಲೆ ನಾನು ಇಳಿದು ಮನೆಗೆ ವಾಪಸು ಓಡಿದ್ದೆ. ಗಜುಗ ಬಿಟ್ಟು ಬಂದಿದ್ದೆ, ಹುಡುಗಿಯರು ಕೈ ಮೇಲೆ ಹಾರಿಸಿ ಆಡುವ ಬೂದು ಬಣ್ಣದ ಕಾಯಿಗಳು. ಕತ್ತಲಲ್ಲಿ ತಡವರಿಸಿ ಗಜುಗದ ಚೀಲ ತೆಗೆದುಕೊಂಡು ಓಡಿ ಬಂದೆ. ಅಂದರೆ ಮನೆಯಿಂದ ಕೊನೆಗೆ ಹೊರಬಿದ್ದವಳು ನಾನು. ನಮ್ಮ ಮನೆಯಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸಿದ ಒಂದು ರೂಢಿ ಇತ್ತು: ಕೊನೆಗೆ ಹೊರಬಿದ್ದವರು ಚಿಲಕ ಹಾಕಬೇಕು, ಇಲ್ಲದಿದ್ದರೆ ನಾಯಿ ಹೊಕ್ಕು ರೊಟ್ಟಿಬುಟ್ಟಿಗೆ ಬಾಯಿ ಹಾಕುತ್ತದೆ. ಚಿಲಕ ಹಾಕಲೇಬಾರದ ದಿನ ಅದೊಂದೇ. ಏಳು ವರ್ಷದ ಕೈಗೆ ಅದು ನೆನಪಿತ್ತೇ?

ಬೆರಳಿಗೆ ತಣ್ಣಗಿನ ಕಬ್ಬಿಣ ತಾಗಿದ್ದು ಬಸ್ಸಿನಲ್ಲಿ ಸ್ಪಷ್ಟವಾಗಿ ನೆನಪಾಯಿತು. ಆದರೆ ಅದು ಆ ಬೆಳಗಿನ ಕಬ್ಬಿಣವೋ, ವಿದ್ಯಾ ಮೈಕು ಹಿಡಿದು ಹತ್ತು ಸಲ ಹಾಕಿಸಿದ ಕಬ್ಬಿಣವೋ?

ಕಮಲಾಳ ಮನೆಯ ಬಾಗಿಲು ಎಂದಿನಂತೆ ಹಾರುಹೊಡೆದು ತೆರೆದಿತ್ತು. ಯಂತ್ರದ ಮುಂದೆ ಕೂತಿದ್ದಳು.

"ಬಾ ಅಕ್ಕಾ. ಏನು, ಹೇಳದ ಕೇಳದ ಬಂದಿ? ಕುಂದರು, ಈ ತೋಳೊಂದು ಹಚ್ಚಿಬಿಡತೇನಿ."

ಕೂತೆ. ನೀರು ಕುಡಿದೆ. "ವಿದ್ಯಾನ ಆಟ ನೋಡಿದೇನ?" ಅಂದೆ.

"ನೋಡೂದೇನ, ಆಡೇನಿ."

"ನಿನಗ ಆಡಾಕ ಬರತೈತಿ?"

"ಬ್ಲೌಸ್ ಕತ್ತರಸೂದಕಿಂತ ಸಸಾರ ಐತಿ. ಅಲ್ಲೆ ತಪ್ಪಿದರ ಮೊದಲಿಂದ ಶುರು ಮಾಡಬಹುದು. ಇಲ್ಲೆ ಮಂದಿ ಅರಿವಿ ಹಾಳಾಕ್ಕೈತಿ."

"ಕೆಳಗ ಒಬ್ಬರು ಕನ್ನಡದಾಗ ಬರದಿದ್ದರು. ಚಿಲಕದ್ದು."

ಯಂತ್ರ ನಿಲ್ಲಲಿಲ್ಲ. "ನಾನ ಬರದೇನಿ. ವಿದ್ಯಾಗ ಹೇಳಬ್ಯಾಡ ಮತ್ತ," ಅಂದಳು. ತೋಳಿನ ಕೊನೆಯವರೆಗೆ ಹೊಲಿದು ದಾರ ಕಡಿದಳು. "ಎಲ್ಲಾರೂ ತಪ್ಪೈತಿ ತಪ್ಪೈತಿ ಅಂತ ಬರಿಯಾಕತ್ತಿದ್ದರು. ಎಣಿಕಿ ತಪ್ಪೈತಿ, ಗುಂಡಿ ತಪ್ಪೈತಿ. ನನ್ನ ಮಗಳು ಊಟಾ ನಿದ್ದಿ ಬಿಟ್ಟು ಮಾಡಿದ ಕೆಲಸ. ಖರೇ ತಪ್ಪು ಇದ್ದಲ್ಲೆ ಒಬ್ಬರೂ ಬೆರಳ ಇಡಲಿಲ್ಲ. ಅದಕ್ಕ ಬರದ್ನಿ."

"ನೀ ಮಲಗಿದ್ದಿ, ಕಮಲಾ. ಚೀಲದ ಮ್ಯಾಲ. ನಾ ನೋಡೇನಿ."

"ಮುಂಜಾನಿ ಮಲಗಿದ್ನಿ. ಆಮ್ಯಾಲ ಎದ್ನಿ. ಬಾಗಿಲಾ ಬಡದೇನಿ, ಕೈ ಸೋತಿಂದ ಕಾಲಿಲೆ ಒದ್ದೇನಿ. ಊರಾಗ ಬೊಗಳಾಕ ಒಂದು ನಾಯಿನೂ ಇರಲಿಲ್ಲ ನೋಡು. ಅಷ್ಟು ಸುಮ್ಮನ ಇರೂದು ನಾ ಮತ್ತ ಎಲ್ಲೂ ಕೇಳಿಲ್ಲ."

ಅಷ್ಟರಲ್ಲಿ ಪಕ್ಕದ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, "ಕಮಲಾತಾಯಿ, ಬ್ಲೌಸ್ ಝಾಲಾ ಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಬ್ಲೌಸ್ ಆಗಿರಲಿಲ್ಲ. ಕಮಲಾ ನಗುತ್ತ ಮರಾಠಿಯಲ್ಲೇ ನಾಳೆ ಬಾ ಅಂದಳು, ಆಕೆಯ ಸೊಸೆಯ ಕಾಲುನೋವು ವಿಚಾರಿಸಿದಳು, ಕಳಿಸಿದಳು. ಆ ಎರಡು ನಿಮಿಷ ನಾನು ಆಕೆಯ ಬೆನ್ನ ಹಿಂದಿನ ಬಚ್ಚಲ ಬಾಗಿಲನ್ನೇ ನೋಡುತ್ತಿದ್ದೆ. ಅದರ ಮೇಲೆ ನೀಲಿ ಗೆರೆಯ ಟವೆಲ್ಲೊಂದು ಒಣಗುತ್ತಿತ್ತು. ಈ ಟವೆಲ್ಲಿನ ಬಗ್ಗೆ ನಾನು ಎಷ್ಟು ಮಂದಿಯನ್ನು ನಗಿಸಿದ್ದೇನೆ.

"ಯಾರು ಹಾಕಿದರು?" ಎಂದು ಕೊನೆಗೆ ಕೇಳಿದೆ.

"ಒಳಗಿದ್ದಾಕಿಗೆ ಹೊರಗಿನ ಕೈ ಹೆಂಗ ಕಾಣಸಬೇಕು, ಅಕ್ಕಾ? ಹಾಕಿದ್ದು ನಾ ನೋಡಿಲ್ಲ. ತಗದದ್ದು ನೋಡೇನಿ. ಸಂಜೀಕ ಚಿಲಕಾ ತಗದಾಕಿ ನೀನ."

ಎಲ್ಲರಿಗಿಂತ ಮುಂದೆ ಓಡಿದವಳು ನಾನು. ಕಥೆಯಲ್ಲಿ ಅದು ನನ್ನ ದೊಡ್ಡಸ್ತಿಕೆಯ ಭಾಗ. ತಂಗಿಗಾಗಿ ಓಡಿದ ಅಕ್ಕ. ಹಾಗಾದರೆ ನಾನು ಓಡಿದ್ದು ಯಾತಕ್ಕೆ?

"ತಗದು ನೀ ಏನೂ ಅನಲಿಲ್ಲ," ಅಂದಳು ಕಮಲಾ. "ಗಜುಗದ ಚೀಲಾ ನನ್ನ ಕೈಯಾಗ ಕೊಟ್ಟಿ. ಎಲ್ಲಾ ಕೊಟ್ಟಿ. ಒಂದೂ ಇಟಗೊಳ್ಳಲಿಲ್ಲ. ಯಾವತ್ತೂ ಮುಟ್ಟಾಕ ಕೊಡದಾಕಿ."

ಕಥೆಯಾಗಿದ್ದರೆ ಇಲ್ಲಿ ಕಮಲಾ ಯಂತ್ರದ ಡ್ರಾವರ್ ಎಳೆದು ಆ ಗಜುಗಗಳನ್ನು ತೋರಿಸಬೇಕು. ಡ್ರಾವರ್ ಎಳೆದಳು ನಿಜ. ದಾರದ ಬಾಬಿನ್ ತೆಗೆದುಕೊಂಡು ಮುಚ್ಚಿದಳು. ಗಜುಗ ಎಲ್ಲಿ ಹೋದವೋ ಆಕೆಗೂ ಗೊತ್ತಿಲ್ಲ. ಮತ್ತೆ, ನಾಲ್ಕು ವರ್ಷದ ಮಗುವಿನ ನೆನಪು ಏಳು ವರ್ಷದವಳ ನೆನಪಿಗಿಂತ ಗಟ್ಟಿ ಎಂದು ಯಾರು ಹೇಳಬಲ್ಲರು. ಹೀಗೆ ನಾನು ಯೋಚಿಸಿದ್ದು ನಿಜ. ಆ ಖೋಲಿಯಲ್ಲಿ ಕೂತು, ಆಕೆಯ ಮುಖ ನೋಡುತ್ತಲೇ, ನನ್ನನ್ನು ಉಳಿಸುವ ವಾದ ಹುಡುಕುತ್ತಿದ್ದೆ.

"ಕಾಕುಗ ಯಾಕ ಹೇಳಲಿಲ್ಲ?" ಅಂದೆ.

"ಆಗ ನನಗ ಹೇಳಾಕ ಎಲ್ಲಿ ಬರತಿತ್ತು? ದೊಡ್ಡಾಕಿ ಆದಮ್ಯಾಲ ಹೇಳೂಣಂದರ, ನೀ ಅಷ್ಟೊತ್ತಿಗೆ ಕಥಿ ಮಾಡಿ ಹೇಳಾಕ ಶುರು ಮಾಡಿದ್ದಿ. ಅವ್ವ ನಗತಿದ್ದಳು. ಮಗಳು ಆರಾಮ ಮಲಗಿದ್ದಳು ಅಂದಕೊಂಡ ನಗತಿದ್ದಳು. ಬಾಗಿಲಾ ಹಾಕಿತ್ತು ಅಂದರ, ತಗದೈತಿ ಅಂತ ನಂಬಿ ಅಕಿ ಕುಂತಿದ್ದಕ್ಕ ಏನು ಅರ್ಥ ಉಳೀತು? ನಕ್ಕೋತ ಇರಲಿ ಅಂತ ಬಿಟ್ನಿ."

ಚಹಾ ಮಾಡಿ ತಂದಳು. ನನ್ನ ಕಪ್ಪಿಗೆ ಸಕ್ಕರೆ ಕಡಿಮೆ ಹಾಕಿದ್ದಳು, ನನ್ನ ವೈದ್ಯರು ಹೇಳಿದ್ದು ನೆನಪಿಟ್ಟುಕೊಂಡು. ಆಮೇಲೆ ಕೇಳಿದಳು. ಇದನ್ನು ಕೇಳಲೆಂದೇ ಆ ಸಾಲು ಬರೆದಿದ್ದಳೇನೋ ಎಂದು ನನಗೆ ಈಗ ಅನ್ನಿಸುತ್ತದೆ.

"ಅಕ್ಕಾ, ನಾ ಒಳಗ ಇದ್ದೆನಲ್ಲ. ಹೊರಗ ಹೆಂಗಿತ್ತು ಅಂತ ನನಗ ಗೊತ್ತ ಇರಲಿಲ್ಲ. ಆಟದಾಗ ಮೊದಲನೇ ಸಲ ನೋಡಿದ್ನಿ. ಎಲ್ಲಾರೂ ಉಣ್ಣಾಕ ಕುಂತಿದ್ದರು. ಅವ್ವ ಹೋಗಲಿಲ್ಲ, ಮುಳ್ಳಿನ ಹತ್ತರನ ಕುಂತಿದ್ದಳು. ಅದು ಖರೇನ ಏನ? ಅಕಿ ಅವತ್ತ ಉಂಡಿರಲಿಲ್ಲೇನ?"

"ಉಂಡಿರಲಿಲ್ಲ," ಅಂದೆ. ಎಲ್ಲರೂ ಕರೆದರೂ ಬರಲಿಲ್ಲ, ರೊಟ್ಟಿ ತಂದು ಕೊಟ್ಟರೂ ಮುಟ್ಟಲಿಲ್ಲ ಎಂದೂ ಹೇಳಿದೆ. ಹೇಳುತ್ತಿದ್ದಂತೆ ನನಗೆ ಕಾಣಿಸಿತು: ಜಾಲಿ ಮುಳ್ಳು, ಕಾಕುವಿನ ಬೆನ್ನು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ. ಅಷ್ಟು ಸ್ಪಷ್ಟವಾಗಿ.

ಕಮಲಾ ತಲೆಯಾಡಿಸಿದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಏನೂ ಇಲ್ಲ. ಸೂಜಿಗೆ ದಾರ ಪೋಣಿಸಲು ಹೋದಳು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ನನ್ನ ಕೈಗೆ ಕೊಟ್ಟಳು.

ಭಾನುವಾರ ಮಧ್ಯಾಹ್ನ ವಿದ್ಯಾಳನ್ನು ಕೂರಿಸಿಕೊಂಡೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ನಾನು ಹೇಳಿದ್ದು ತಪ್ಪು, ಹಾಗೆ ತಿದ್ದು ಅಂದೆ. ಅವಳ ಅವ್ವನ ಮನೆಯ ಬಾಗಿಲುಗಳು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಏನೂ ಕೇಳಲಿಲ್ಲ.

"ಮುಳ್ಳಿನ ಹತ್ತರ ತಾಯಿ ಕುಂದರೂದು," ಎಂದೆ ನಾನು, ಮಾತು ಬೇರೆ ಕಡೆಗೆ ತಿರುಗಿಸಲು, "ಅದನ್ನ ಭಾಳ ಛಲೋ ಮಾಡಿದಿ. ನಾ ಅದನ್ನ ನಿನಗ ಯಾವಾಗ ಹೇಳಿದ್ನಿ?"

"ನೀ ಎಲ್ಲಿ ಹೇಳಿದಿ? ಅದು ನಮ್ಮ ತಪ್ಪು, ದೊಡ್ಡವ್ವ. ಅದೊಂದ ಖರೇ ತಪ್ಪು ಇಡೀ ಆಟದಾಗ. ಆ ತಾಯಿ ಎದ್ದು ಹೊಂಟ ಕೂಡಲೇ ನಾವು ಮುಳ್ಳು ಅಡ್ಡ ಇಡತೇವಿ. ಅಕಿ ಅದಕ್ಕ ಸಿಕ್ಕೊಂಡು ಬಿಡತಾಳ. ಊಟಕ್ಕ ಹೋಗೂ ಹಾದಿ ಅಕಿಗೆ ಸಿಗಂಗಿಲ್ಲ, ಅಲ್ಲೇ ಕುಂದರತಾಳ. ನಮಗೂ ಬಿಡುಗಡೆ ಆದಮ್ಯಾಲ ಗೊತ್ತಾತು." ನಕ್ಕಳು. "ಎಲ್ಲಾ ವಿಮರ್ಶಕರು ಹೊಗಳಿದ್ದು ಅದನ್ನ ಒಂದನ್ನ. ನಾಳೆ ಸರಿ ಮಾಡತೇವಿ. ಎಲ್ಲಾರ ಸಂಗಟ ಊಟಕ್ಕ ಕುಂದರತಾಳ."

ಹಿಂದಿನ ದಿನ ಕಮಲಾಳ ಎದುರು ನಾನು ಕಂಡ ಕಾಕುವಿನ ಬೆನ್ನು, ಬಟ್ಟೆ ಮುಚ್ಚಿದ ರೊಟ್ಟಿ, ಅವೆಲ್ಲ ಎಲ್ಲಿಂದ ಬಂದವು? ಹಾರ್ಡ್‌ವೇರ್ ಅಂಗಡಿಯ ಮೇಲಿನ ಖೋಲಿಯಲ್ಲಿ ಯಾರೋ ಮಾಡಿದ ಒಂದು ಸಣ್ಣ ತಪ್ಪಿನಿಂದ ಕಮಲಾಳಿಗೆ ಒಬ್ಬ ತಾಯಿ ಸಿಕ್ಕಿದ್ದಳು. ನಾನು ಸಾಕ್ಷಿ ಹೇಳಿ ಬಂದಿದ್ದೆ.

"ಅದನ್ನ ಸರಿ ಮಾಡಬ್ಯಾಡ," ಅಂದೆ.

"ಯಾಕ? ಖರೇನ ಹಂಗ ಕುಂತಿದ್ದಳೇನ?"

"ಸರಿ ಮಾಡಬ್ಯಾಡ, ಅಷ್ಟ."

ವಿದ್ಯಾ ಲ್ಯಾಪ್‌ಟಾಪ್ ತೆರೆದು ಏನೋ ಬರೆದುಕೊಂಡಳು. ಮುಳ್ಳಿನದು ಹಾಗೇ ಇರಲಿ ಎಂದು ಬರೆದಳು. ಎಣಿಕೆಯದೂ ಹಾಗೇ ಇರಲಿ ಎಂದು ಬರೆದಳು. ಚಿಲಕದ ಸಾಲಿಗೆ ಬಂದು ನಿಂತಳು.

"ಆಟದಾಗ ಬಾಗಿಲಾ ತಾನ ಹಾಕೊಳ್ಳಂಗಿಲ್ಲ, ದೊಡ್ಡವ್ವ. ಯಾರರ ಒಬ್ಬರು ಹಾಕಬೇಕಾಕ್ಕೈತಿ. ಯಾರ ಕೈ ಅಂತ ಬರೀಲಿ?"

ಆ ಸಾಲು ಈಗಲೂ ಖಾಲಿ ಇದೆ, ಆಕೆ ಕಾಯುತ್ತಿದ್ದಾಳೆ. ಸೋಮವಾರ ಕಳೆದು ಮತ್ತೊಂದು ಸೋಮವಾರ ಬಂದಿದೆ. ಕಾಕು ಆ ದಿನ ಉಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಚಿಲಕ ಹಾಕಿದ್ದು ಯಾರೆಂದು ಗೊತ್ತಿಲ್ಲ. ನಾನಲ್ಲ ಎಂಬುದೂ ಗೊತ್ತಿಲ್ಲ.